ಎಡಗೈಯಲ್ಲಿ ಕಲಿತ ನಾಯಿ

ಹದಿನೆಂಟು ವರ್ಷ ಊರ ಜನರ ಬಾಯಿಗೆ ಕೈ ಹಾಕಿ ಬದುಕಿದವಳು ನಾನು. ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರು. ದಿನವಿಡೀ ಬಗ್ಗಿ ಬಗ್ಗಿ ಕತ್ತಿನ ಮೂಳೆ ಸವೆದು, ತಲೆ ತಿರುಗಿಸಿದರೆ ಕಣ್ಣಲ್ಲಿ ನೀರು ಬರುವಂತಾಯಿತು. ಇನ್ನು ಈ ಕೆಲಸ ಸಾಕು ಎಂದು ಮೂಳೆ ಡಾಕ್ಟರು ಹೇಳಿಬಿಟ್ಟರು. ಬೇರೆ ಯಾವ ಕೆಲಸ ಬರುತ್ತದೆ ಎಂದು ಯೋಚಿಸಿದಾಗ ನೆನಪಾದದ್ದು ಒಂದು ಬೀದಿನಾಯಿ. ಕೋವಿಡ್ ಕಾಲದಲ್ಲಿ ಕ್ಲಿನಿಕ್ ಮುಚ್ಚಿದ್ದಾಗ ಅದರ ಮೆಟ್ಟಿಲ ಮೇಲೆ ಮಲಗುತ್ತಿದ್ದ ನಾಯಿಗೆ, ಮಾಡಲು ಇನ್ನೇನೂ ಇಲ್ಲದೆ, ಕೂರುವುದನ್ನೂ ಕಾಯುವುದನ್ನೂ ಕಲಿಸಿದ್ದೆ. ಅದು ಮೂರೇ ವಾರದಲ್ಲಿ ಕಲಿಯಿತು. ರಾತ್ರಿ ಹಲ್ಲುಜ್ಜಿ ಮಲಗಿ ಎಂದು ಹದಿನೆಂಟು ವರ್ಷ ಹೇಳಿದರೂ ನನ್ನ ರೋಗಿಗಳು ಕಲಿತಿರಲಿಲ್ಲ.

ಹಾಗಾಗಿ ನಲವತ್ತೈದನೆಯ ವಯಸ್ಸಿನಲ್ಲಿ ಕ್ಲಿನಿಕ್ಕನ್ನು ಜೂನಿಯರ್ ಹುಡುಗಿಗೆ ಒಪ್ಪಿಸಿ, ನಾಯಿಗಳನ್ನು ಪಳಗಿಸುವ ವಿದ್ಯೆ ಕಲಿಯಲು ಕ್ಯಾಲಿಫೋರ್ನಿಯಾಕ್ಕೆ ಹೊರಟೆ. ನಾಲ್ಕು ವಾರದ ತರಬೇತಿ, ಕೊನೆಗೊಂದು ಪರೀಕ್ಷೆ. ಪಕ್ಕದ ಮೆಡಿಕಲ್ ಶಾಪಿನವರು, "ನಾಯಿ ಬಾಲ ನೆಟ್ಟಗೆ ಮಾಡೋಕೆ ಅಮೆರಿಕಾಕ್ಕೇ ಹೋಗ್ಬೇಕಾ ಮೇಡಂ?" ಎಂದು ನಕ್ಕರು. ಅಮ್ಮ ನಗಲಿಲ್ಲ.

"ಡಾಕ್ಟ್ರಮ್ಮ ಅನ್ನಿಸ್ಕೊಂಡೋಳು ಇನ್ಮೇಲೆ ನಾಯಿ ಮೇಷ್ಟ್ರು ಅನ್ನಿಸ್ಕೊಳ್ತೀಯಾ? ಕೇಳಿದೋರಿಗೆ ನಾನೇನು ಹೇಳ್ಲಿ?"

"ಸರ್ಟಿಫಿಕೇಟ್ ತಂದ್ಮೇಲೆ ಹೇಳಮ್ಮ."

"ತರದೇ ಇದ್ರೆ?"

ಆ ಪ್ರಶ್ನೆಯನ್ನು ಸೂಟ್‌ಕೇಸಿನ ಜೊತೆಗೇ ಹೊತ್ತುಕೊಂಡು ವಿಮಾನ ಹತ್ತಿದೆ.

ಪಸಡೀನಾ

ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಿಂದ ನನ್ನನ್ನು ಕರೆದೊಯ್ಯಲು ಬಂದವಳು ಪೂರ್ಣಿಮಾ. ಅವಳ ಹದಿನಾಲ್ಕನೇ ವಯಸ್ಸಿನಲ್ಲಿ ಹಲ್ಲಿಗೆ ತಂತಿ ಕಟ್ಟಿದವಳು ನಾನೇ. ಈಗ ಪಸಡೀನಾದಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದಾಳೆ. ದೂರದಿಂದಲೇ ಅವಳು ಬಾಯ್ತುಂಬ ನಕ್ಕಳು. ಹಲ್ಲಿನ ಸಾಲು ಇನ್ನೂ ಹಾಗೇ ನಿಂತಿದೆಯಲ್ಲ ಎಂದು ಮೊದಲು ಸಮಾಧಾನಪಟ್ಟೆ, ಚೆನ್ನಾಗಿದ್ದೀಯಾ ಎಂದು ಕೇಳಿದ್ದು ಆಮೇಲೆ.

ಮೊದಲ ಬೆಳಿಗ್ಗೆ ಒಬ್ಬಳೇ ನಡೆಯಲು ಹೊರಟಾಗ ಏನೋ ಇಲ್ಲವೆನ್ನಿಸಿತು. ಏನೆಂದು ತಿಳಿಯಲು ಎರಡು ಬೀದಿ ನಡೆಯಬೇಕಾಯಿತು. ಬೀದಿಯಲ್ಲಿ ನಾಯಿಗಳಿರಲಿಲ್ಲ. ಇದ್ದವು, ಆದರೆ ಒಂದೊಂದಕ್ಕೂ ಹಗ್ಗ, ಹಗ್ಗದ ಆ ತುದಿಗೊಬ್ಬ ಮನುಷ್ಯ. ಯಾರದ್ದೂ ಅಲ್ಲದ ನಾಯಿ ಒಂದೂ ಕಾಣಲಿಲ್ಲ. ನಮ್ಮಲ್ಲಿ ಯಾರದ್ದೂ ಅಲ್ಲದ ನಾಯಿ ಒಂದು ಲೆಕ್ಕಕ್ಕೆ ಎಲ್ಲರದ್ದೂ ಹೌದು. ಮೂಲೆಮನೆಯವರು ಅನ್ನ ಹಾಕುತ್ತಾರೆ, ಬೇಕರಿಯವನು ಬನ್ನು ಎಸೆಯುತ್ತಾನೆ, ಬೈಕಿನವನು ಬೈಯುತ್ತಾನೆ. ಇಲ್ಲಿ ನಾಯಿಗೆ ಹೊಟ್ಟೆಯ ಚಿಂತೆ ಇಲ್ಲ. ಹೊತ್ತು ಹೋಗದಿರುವುದೇ ಅದರ ಸಮಸ್ಯೆ.

ಇನ್ನೊಂದು ವ್ಯತ್ಯಾಸ. ನಮ್ಮೂರಲ್ಲಿ ನಾಯಿ ಹಿಡಿದು ಹೊರಟವರನ್ನು ಎದುರಾದವರು ಕೇಳುವುದು "ಕಚ್ಚುತ್ತಾ?" ಎಂದು. ಇಲ್ಲಿ "ಮುಟ್ಟಬಹುದಾ?" ಎಂದು ಕೇಳುತ್ತಾರೆ. ಬೇಡವೆಂದರೆ ಬೇಸರಪಡದೆ ಹೋಗುತ್ತಾರೆ. ಆರು ಅಡಿಯ ಗಂಡಸರು ಮೈ ಬಗ್ಗಿಸಿ ನಾಯಿಯ ಹೇಸಿಗೆಯನ್ನು ಚೀಲಕ್ಕೆ ತುಂಬಿ, ಗಂಟು ಹಾಕಿ, ಅದನ್ನು ಕೈಯಲ್ಲಿ ಹಿಡಿದೇ ಷೇರು ಮಾರುಕಟ್ಟೆಯ ಮಾತಾಡುತ್ತ ನಡೆಯುವುದನ್ನೂ ಕಂಡೆ.

ತರಬೇತಿಯ ಶಾಲೆ ಎಂದರೆ ಒಂದು ಕೋಣೆ, ಹಿಂದೊಂದು ಹುಲ್ಲಿನ ಅಂಗಳ. ನಾವು ಆರು ಜನ, ಎಲ್ಲರೂ ಬೇರೆ ಕೆಲಸ ಬಿಟ್ಟು ಬಂದವರೇ. ಏಕೆ ಬಿಟ್ಟಿರಿ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಆರು ತಿಂಗಳಿಂದ ಊರವರಿಂದೆಲ್ಲ ಅದೇ ಪ್ರಶ್ನೆ ಕೇಳಿಸಿಕೊಂಡಿದ್ದ ನನಗೆ ಬೆನ್ನಿನಿಂದ ಮೂಟೆ ಇಳಿಸಿದ ಹಾಗಾಯಿತು. ನಮ್ಮ ಗುರು ರೋಸಾ, ಅರವತ್ತರ ಹೆಂಗಸು. ಇಪ್ಪತ್ತು ವರ್ಷ ಮನೆಮನೆಗೆ ಅಂಚೆ ಹಂಚಿದವಳು. ಮೊದಲ ದಿನವೇ ಪ್ಯಾಂಟು ಮೇಲೆತ್ತಿ ಮೀನಖಂಡದ ಮೇಲಿನ ನಾಯಿ ಕಚ್ಚಿದ ಎರಡು ಹಳೆಯ ಕಲೆ ತೋರಿಸಿ, ನನ್ನ ಮೊದಲ ಗುರುಗಳು ಇವರೇ ಎಂದಳು.

ಆಮೇಲೆ ಎಲ್ಲರ ಸೊಂಟಕ್ಕೂ ಒಂದೊಂದು ಸಣ್ಣ ಚೀಲ ಕಟ್ಟಿಸಿದಳು. ನಾಯಿ ಹೇಳಿದ್ದು ಮಾಡಿದ ತಕ್ಷಣ ಬಾಯಿಗಿಡಬೇಕಾದ ತಿನಿಸು ಅದರಲ್ಲಿತ್ತು. ಬೆರಳು ಹಾಕಿ ನೋಡಿದರೆ ಬೇಯಿಸಿದ ಕೋಳಿಯ ಚೂರು. ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. ಬಲಗೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡೆ. ಎಡಗೈ ಹಾಕಿದೆ. ಎದುರಿಗಿದ್ದ ಕರಿಯ ನಾಯಿ ನನ್ನ ಎಡ ಅಂಗೈಯನ್ನು ಮಣಿಕಟ್ಟಿನವರೆಗೆ ನೆಕ್ಕಿತು. ನೆಕ್ಕಲಿ, ಎಡಗೈ ತಾನೆ ಎಂದುಕೊಂಡೆ. ಮಧ್ಯಾಹ್ನ ಪೂರ್ಣಿಮಾ ಕಟ್ಟಿಕೊಟ್ಟ ಚಪಾತಿ ಪಲ್ಯ ಉಣ್ಣಲು ನನ್ನ ಬಲಗೈ ಮಡಿಯಾಗಿ ಉಳಿದಿತ್ತು. ಉಳಿದ ಐವರು ನಾಯಿ ನೆಕ್ಕಿದ ಕೈಯನ್ನೇ ಕಾಗದದಲ್ಲಿ ಒರೆಸಿಕೊಂಡು ಸ್ಯಾಂಡ್‌ವಿಚ್ ತಿಂದರು. ಅವರನ್ನು ನೋಡಿ ಮನಸ್ಸಿನಲ್ಲೇ ಮೂಗು ಮುರಿದೆ.

ಮರುದಿನ ರೋಸಾ ನನಗಾಗಿ ಚೀಸ್ ತಂದಳು. ಆದರೆ ಅಷ್ಟರಲ್ಲಿ ಕೈಗೆ ರೂಢಿಯಾಗಿತ್ತು. ತಿನಿಸು ಕೊಡುವುದು, ಕೂರು ಎಂದು ಅಂಗೈ ಎತ್ತಿ ಸನ್ನೆ ಮಾಡುವುದು, ಎಲ್ಲ ಎಡಗೈ. ಬಲಗೈ ಬೆನ್ನ ಹಿಂದೆ. ಕೋಳಿ ಹೋದರೂ ಎಂಜಲು ಎಂಜಲೇ ಅಲ್ಲವೇ.

ವಾರದ ಕೊನೆಗೆ ಪರೀಕ್ಷೆಯ ನಿಯಮ ತಿಳಿಯಿತು. ಮುಂದಿನ ಮೂರು ವಾರ ಯಾವುದಾದರೂ ಒಂದು ಮನೆಗೆ ಹೋಗಿ ಅಲ್ಲಿಯ ನಾಯಿಯನ್ನು ಪಳಗಿಸಬೇಕು. ಪರೀಕ್ಷೆಯ ದಿನ ನಾವು ನಾಯಿಯನ್ನು ಮುಟ್ಟುವ ಹಾಗಿಲ್ಲ. ಆ ಮನೆಯಲ್ಲಿ ಎಲ್ಲರಿಗಿಂತ ಅಶಕ್ತರು ಯಾರೋ, ಅವರ ಮಾತನ್ನು ನಾಯಿ ಕೇಳಬೇಕು. "ನಿಮ್ಮ ಮಾತು ಕೇಳಿದರೆ ನನಗೇನು? ನೀವು ಊರಿಗೆ ಹೋಗುವವರು," ಎಂದಳು ರೋಸಾ.

ರೈಲಿನಲ್ಲಿ

ನನಗೆ ಮನೆ ಹುಡುಕಿಕೊಟ್ಟವಳೂ ಪೂರ್ಣಿಮಾಳೇ. ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿರುವ ಅವಳ ಅಕ್ಕ ವೀಣಾಳ ಮನೆಯಲ್ಲಿ ಒಂದು ನಾಯಿ ಇತ್ತು, ತೊಂದರೆಯೂ ಇತ್ತು. ಸ್ಯಾನ್ ಡಿಯಾಗೋದ ರೈಲು ಅರ್ಧ ದಾರಿ ಸಮುದ್ರದ ಪಕ್ಕಕ್ಕೇ ಓಡುತ್ತದೆ. ನನ್ನ ಎದುರಿನ ಸೀಟಿನ ಅಜ್ಜನ ಪಕ್ಕದಲ್ಲಿದ್ದ ಚೀಲದಿಂದ ಒಂದು ಪುಟ್ಟ ನಾಯಿ ತಲೆ ಹೊರಹಾಕಿ ಸಮುದ್ರ ನೋಡುತ್ತಿತ್ತು. ಕಿಟಕಿಯ ಸೀಟು ಅದಕ್ಕೆ, ಅಜ್ಜ ಈ ಪಕ್ಕ.

"ಸ್ಯಾನ್ ಡಿಯಾಗೋ" ಎಂದು ಕೂಗಿದ್ದೇ ನಾನು ಸೂಟ್‌ಕೇಸ್ ಎಳೆದುಕೊಂಡು ಇಳಿದುಬಿಟ್ಟೆ. ರೈಲು ಹೊರಟ ಮೇಲೆ ತಿಳಿಯಿತು, ಆ ಊರಿಗೆ ಒಂದಕ್ಕಿಂತ ಹೆಚ್ಚು ನಿಲ್ದಾಣಗಳಿವೆ, ವೀಣಾ ಕಾಯುತ್ತಿರುವುದು ಮುಂದಿನದರಲ್ಲಿ. ದಾವಣಗೆರೆಗೆ ಒಂದೇ ಸ್ಟೇಷನ್ನು ಸಾಕಾಗಿದೆ. ಹೆಸರು ಕೇಳಿದರೆ ಇಳಿಯುವುದು ನನ್ನ ಅಭ್ಯಾಸ. ವೀಣಾ ಡ್ರೈವ್ ಮಾಡಿಕೊಂಡು ಬಂದು, "ಡಾಕ್ಟ್ರೇ, ಇಲ್ಲಿ ಎಲ್ಲರೂ ಒಂದ್ಸಲ ತಪ್ಪಿಳೀತಾರೆ, ಬಿಡಿ," ಎಂದಳು. ಅದು ಸುಳ್ಳೆಂದು ಅವಳ ಮುಖವೇ ಹೇಳುತ್ತಿತ್ತು.

ಮೀರಾ ಮೆಸಾ

ಮನೆಯಲ್ಲಿ ವೀಣಾ, ಅವಳ ಗಂಡ ಗಿರೀಶ, ಹನ್ನೆರಡು ವರ್ಷದ ಮಗಳು ತನ್ವಿ, ಗಿರೀಶನ ತಾಯಿ ನೀಲವ್ವ. ಗಿರೀಶನ ಮನೆತನ ಹುಬ್ಬಳ್ಳಿಯದು. ಎಲ್ಲರೂ ಅಜ್ಜಿ ಎನ್ನುವ ನೀಲವ್ವನಿಗೆ ಎಪ್ಪತ್ತಾರು. ಹಿಂದಿನ ವರ್ಷ ಬಿದ್ದು ಬಲ ಸೊಂಟದ ಆಪರೇಷನ್ ಆಗಿದೆ, ಕೋಲು ಹಿಡಿದು ನಡೆಯುತ್ತಾರೆ. ಐದನೆಯದು ರಸ್ಟಿ. ಎರಡು ವರ್ಷದ ಕಂದು ನಾಯಿ, ಅನಾಥ ನಾಯಿಗಳ ಶೆಲ್ಟರಿನಿಂದ ತಂದದ್ದು. ಅದಕ್ಕೆ ಸಿಟ್ಟೆಂಬುದಿಲ್ಲ. ಯಾರು ಬಾಗಿಲು ದಾಟಿ ಬಂದರೂ ಸಂತೋಷ ತಡೆಯಲಾರದೆ ಎರಡು ಕಾಲೆತ್ತಿ ಎದೆಯ ಮೇಲೆ ಹಾರುತ್ತದೆ, ಅಷ್ಟೆ. ನನ್ನ ಮೇಲೂ ಹಾರಿತು. ನನ್ನ ಕನ್ನಡಕ ಸೋಫಾದ ಕೆಳಗೆ ಸಿಕ್ಕಿತು.

ಅಜ್ಜಿ ದಿನಾ ಹೊರಗೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂರುವವರು. ಒಳಗೆ ಬಂದಾಗಲೆಲ್ಲ ಇದು ಹಾರುತ್ತಿತ್ತು. ಎರಡು ಸಲ ಗೋಡೆ ಹಿಡಿದು ಬಚಾವಾಗಿದ್ದರು. ಊಟದ ಮೇಜಿನಲ್ಲಿ ಗಿರೀಶ ಬಿಚ್ಚಿ ಹೇಳಿದ.

"ನೋಡ್ರಿ ಮೇಡಂ, ನಮ್ಮವ್ವ ಇನ್ನೊಮ್ಮೆ ಬಿದ್ರ ಮುಗೀತು. ನೀವು ಹೋಗೂದ್ರಾಗ ಇದು ಸುಧಾರಿಸ್ತು ಅಂದ್ರ ಚೊಲೊ. ಇಲ್ಲಂದ್ರ ಶೆಲ್ಟರ್‌ಗೆ ರಿಟರ್ನ್ ಮಾಡ್ತೀನಿ. ಫಾರ್ಮ್ ಆಗಲೇ ಫಿಲ್ ಮಾಡಿಟ್ಟೀನಿ."

"ದಟ್ಸ್ ನಾಟ್ ಫೇರ್, ಅಪ್ಪ," ಎಂದ ತನ್ವಿ ತಟ್ಟೆ ಬಿಟ್ಟು ಮೇಲೆ ಹೋದಳು. ರಸ್ಟಿ ಅವಳ ಹಿಂದೆಯೇ ಹೋಯಿತು. ಅಜ್ಜಿ ತಲೆ ತಗ್ಗಿಸಿ ಉಣ್ಣುತ್ತಿದ್ದರು. ತನ್ನಿಂದಾಗಿ ಮೊಮ್ಮಗಳ ನಾಯಿ ಹೋಗುತ್ತದೆ ಎನ್ನುವ ಸಂಕಟ ಅವರಿಗೂ ಇದ್ದಂತಿತ್ತು. ನನ್ನ ಸರ್ಟಿಫಿಕೇಟಿಗಿಂತ ದೊಡ್ಡದು ಈ ಮನೆಯಲ್ಲಿ ಪಣಕ್ಕಿದೆ ಎಂದು ಅಲ್ಲಿಯೇ ಅರಿವಾಯಿತು.

ಕೆಲಸ ಶುರು ಮಾಡಿದೆ. ಬಾಗಿಲಾಚೆ ಹೋಗುವುದು, ಒಳಗೆ ಬರುವುದು, ಎಡಗೈ ಎತ್ತುವುದು, ರಸ್ಟಿ ಕೂತರೆ ಚೀಸ್ ಕೊಡುವುದು. ದಿನಕ್ಕೆ ನಲವತ್ತು ಸಲ. ಪಕ್ಕದ ಮನೆಯವರು ಇವಳಿಗೇನು ಒಳಗೆ ಜಾಗವಿಲ್ಲವೇ, ಹೊರಗೆ ಜಾಗವಿಲ್ಲವೇ ಎಂದುಕೊಂಡಿರಬೇಕು. ತನ್ವಿ ನನ್ನನ್ನು ನೋಡಿ ನೋಡಿ ಹಾಗೆಯೇ ಮಾಡತೊಡಗಿದಳು. ಅವಳಿಗೂ ಕೂತಿತು. ಎರಡನೇ ವಾರ ಮುಗಿಯುವ ಹೊತ್ತಿಗೆ ನನ್ನ ಕೈ ಅಲುಗಿದರೆ ಸಾಕು, ರಸ್ಟಿಯ ಹಿಂಭಾಗ ನೆಲಕ್ಕೆ. ಅಮ್ಮನಿಗೆ ಫೋನ್ ಮಾಡಿ, ಕೇಳಿದವರಿಗೆ ಹೇಳಲು ಶುರು ಮಾಡಬಹುದು ಎಂದೆ.

ಅಜ್ಜಿ ದೂರದ ಕುರ್ಚಿಯಿಂದ ಎಲ್ಲ ನೋಡುತ್ತಿದ್ದರು. ಅವರಿಗೆ ನಾಯಿಯೆಂದರೆ ಹೆದರಿಕೆ, ಅವರು ಒಳಗೆ ಬರುವಾಗಲೆಲ್ಲ ರಸ್ಟಿಯನ್ನು ಹಗ್ಗ ಹಿಡಿದು ದೂರ ನಿಲ್ಲಿಸುತ್ತಿದ್ದೆವು. ಆದ್ದರಿಂದ ಪೂರ್ತಿ ತಯಾರಾದ ನಾಯಿಯನ್ನು ಕೊನೆಯಲ್ಲಿ ಅವರ ಮುಂದೆ ನಿಲ್ಲಿಸಿದರಾಯಿತು, ಅಡುಗೆ ಮುಗಿಸಿ ಬಡಿಸಿದ ಹಾಗೆ, ಎಂದುಕೊಂಡಿದ್ದೆ.

ಭಾನುವಾರ

ಬೆಳಿಗ್ಗೆ ರೋಸಾ ಪರೀಕ್ಷೆಗೆಂದು ಬಂದಳು. ಬಾಗಿಲಲ್ಲಿ ಚಪ್ಪಲಿಗಳ ಸಾಲು ನೋಡಿ ತಾನೂ ಶೂ ಬಿಚ್ಚಿಟ್ಟು, ಹೆಬ್ಬೆರಳು ಇಣುಕುವ ಕಾಲುಚೀಲದಲ್ಲೇ ಮೂಲೆಗೆ ಹೋಗಿ ನಿಂತಳು. ನನ್ನನ್ನು ಅಡುಗೆಮನೆಯೊಳಗೆ ನಿಲ್ಲಿಸಿದಳು. ಅಜ್ಜಿ ಹೊರಗೆ ಹೋಗಿ, ಬಾಗಿಲು ತೆರೆದು ಒಳಗೆ ಬಂದರು. ಎಡಗೈಯಲ್ಲಿ ಕೋಲು. ಬಲಗೈಯಲ್ಲಿ ಚೀಸ್. ನಾನು ಹೇಳಿದ್ದಂತೆಯೇ ಅಂಗೈ ಎತ್ತಿದರು, ಬಲ ಅಂಗೈ.

ರಸ್ಟಿ ಒಂದು ಕ್ಷಣ ಆ ಕೈ ನೋಡಿತು. ಅದು ಏನೆಂದು ಅದಕ್ಕೆ ತಿಳಿಯಲಿಲ್ಲ. ಹಾರಿತು.

ಗಿರೀಶ ಓಡಿ ಹಿಡಿದುಕೊಂಡ. ಕೋಲು ಸದ್ದು ಮಾಡುತ್ತ ನೆಲಕ್ಕೆ ಬಿತ್ತು, ಅಜ್ಜಿ ಬೀಳಲಿಲ್ಲ. ರೋಸಾ ನನ್ನನ್ನು ಕರೆದು, ನೀವು ಮಾಡಿ ತೋರಿಸಿ ಎಂದಳು. ಎಡಗೈ ಎತ್ತಿದೆ, ರಸ್ಟಿ ಕೂತಿತು. ಈಗ ಬಲಗೈ ಎಂದಳು. ಎತ್ತಿದೆ. ನನ್ನ ಎದೆಯ ಮೇಲೂ ಹಾರಿತು.

"ಇಷ್ಟು ದಿನ ನಿಮ್ಮ ಬಲಗೈ ಎಲ್ಲಿತ್ತು?" ಎಂದು ಕೇಳಿದಳು ರೋಸಾ.

ಬೆನ್ನ ಹಿಂದೆ ಇತ್ತು. ಎಂಜಲೆಂದರೇನು, ಉಣ್ಣುವ ಕೈಯೆಂದರೇನು ಎಂದು ನನ್ನ ಇಂಗ್ಲಿಷಿನಲ್ಲಿ ಅವಳಿಗೆ ವಿವರಿಸಿದೆ. ಅವಳು ನಗಲಿಲ್ಲ. ನಾಯಿಯದೇನೂ ತಪ್ಪಿಲ್ಲ, ನೀವು ಕಲಿಸಿದ್ದನ್ನೇ ಅದು ಕಲಿತಿದೆ ಎಂದು ಹೇಳಿ, ಹಾಳೆಯ ಮೇಲೆ 'ತೇರ್ಗಡೆಯಾಗಿಲ್ಲ' ಎಂದು ಬರೆದಳು. ನನ್ನ ವಿಮಾನ ಶುಕ್ರವಾರ. ಗುರುವಾರ ಇನ್ನೊಂದು ಸಲ ಬರುತ್ತೇನೆ, ಅದೇ ಕೊನೆ ಎಂದಳು. ಅಲ್ಲೀತನಕ ನೋಡೋಣ ಎಂದ ಗಿರೀಶ, ನನ್ನ ಮುಖ ನೋಡದೆ.

ನಾಚಿಕೆಯಾಯಿತು. ಮೈಯೆಲ್ಲ ಉರಿಯುವಂಥ ನಾಚಿಕೆ. ಬಲ ಸೊಂಟ ಸೋತವರ ಕೋಲು ಎಡಗೈಯಲ್ಲಿರುತ್ತದೆ ಎಂಬುದು ಡಾಕ್ಟರಾದವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಎರಡು ವಾರ ದಿನವೂ ಆ ಕೋಲು ನನ್ನ ಕಣ್ಣ ಮುಂದೆಯೇ ಓಡಾಡಿತ್ತು. ನನ್ನ ಊಟದ ಕೈ ಕಾಪಾಡಿಕೊಳ್ಳುವ ಗಡಿಬಿಡಿಯಲ್ಲಿ ನಾನು ಅದನ್ನು ನೋಡಿರಲಿಲ್ಲ.

ಆದರೂ ಸಂಜೆ ಅಡ್ಡದಾರಿ ಹುಡುಕಿದೆ. "ಅಜ್ಜಿ, ಬಾಗಿಲ ಹತ್ರ ಮಾತ್ರ ಒಂದು ನಿಮಿಷ ಕೋಲು ಬಲಗೈಗೆ ತಗೊಂಡು, ಎಡಗೈ ಎತ್ತೋಕೆ ಆಗುತ್ತಾ?"

"ಕೋಲು ಬಲಗೈಯಾಗ ಹಿಡದ್ರ ಬೀಳ್ತೀನವ್ವ. ಬೀಳಲಿಲ್ಲ ಅಂತ ತಿಳಕೊ, ಎಡಗೈಲೆ ನಾ ಯಾರಿಗೂ ಏನೂ ಕೊಟ್ಟಾಕಿ ಅಲ್ಲ. ನಾಯಿ ಆದ್ರೇನು, ಅದೂ ಉಣ್ಣೂ ಜೀವ ಅಲ್ಲೇನು?"

ನಾಯಿಗಳಿಗಾಗಿ ಕೆಲಸ ಬಿಟ್ಟು ಸಮುದ್ರ ದಾಟಿ ಬಂದ ನಾನು ಅದಕ್ಕೆ ಎಡಗೈಯಲ್ಲಿ ಕೊಡುತ್ತಿದ್ದೆ. ನಾಯಿಯೆಂದರೆ ನಡುಗುವ ಅವರು ಕೊಟ್ಟರೆ ಬಲಗೈಯಲ್ಲೇ ಕೊಡುತ್ತೇನೆ ಎನ್ನುತ್ತಿದ್ದರು.

ಸೋಮವಾರದಿಂದ ಗುರುವಾರ

ಸೋಮವಾರ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಲಗೈ ಎತ್ತಿದೆ. ರಸ್ಟಿ ಹಾರಿತು. ಬೆನ್ನು ತಿರುಗಿಸಿ ನಿಂತೆ. ಮತ್ತೆ ಎತ್ತಿದೆ. ಹನ್ನೊಂದನೇ ಸಲಕ್ಕೆ ತಲೆ ಓರೆ ಮಾಡಿ ಯೋಚಿಸಿ, ಅನುಮಾನಿಸುತ್ತ ಕೂತಿತು. ಚೀಸ್ ಕೊಟ್ಟೆ. ನನ್ನ ಬಲ ಅಂಗೈಯನ್ನು ಅದು ಇಡಿಯಾಗಿ ನೆಕ್ಕಿತು. ಬೆಚ್ಚಗೆ, ಸ್ವಲ್ಪ ಒರಟಾಗಿತ್ತು. ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ.

ಊಟಕ್ಕೆ ಮುಂಚೆ ಮೂರು ಸಲ ಸೋಪು ಹಾಕಿ ತೊಳೆದು ಬಂದು ಕೂತರೂ ರೊಟ್ಟಿ ಮುರಿಯಲು ಕೈ ಹಿಂಜರಿಯಿತು. ಅಜ್ಜಿ ನೋಡಿದರು.

"ಇಷ್ಟು ವರ್ಷ ಮಂದಿ ಬಾಯಾಗ ಕೈ ಹಾಕಿ ಮನಿಗೆ ಬಂದು ಉಣ್ಣಲಿಲ್ಲೇನು?"

"ಗ್ಲೌಸ್ ಇತ್ತಲ್ಲ ಅಜ್ಜಿ."

"ಮಂದಿ ಬಾಯಿಗಿಂತ ನಾಯಿ ಬಾಯಿ ಹೊಲಸೇನು?"

ಹದಿನೆಂಟು ವರ್ಷ ಮಂದಿಯ ಬಾಯಿ ನೋಡಿದ ನನಗೆ ಅದಕ್ಕೆ ಉತ್ತರ ಗೊತ್ತಿತ್ತು. ಊಟದ ಹೊತ್ತಿನಲ್ಲಿ ಹೇಳುವ ಮಾತಲ್ಲ. ರೊಟ್ಟಿ ಮುರಿದೆ.

ಮಂಗಳವಾರ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ನಡುವೆ ಮೊಣಕಾಲೆತ್ತರದ ಗೇಟು ಹಾಕಿ, ಅವರ ಕೈಯಿಂದಲೇ ಮಾಡಿಸಿದೆ. ಮೊದಲ ಸಲ ಚೀಸನ್ನು ಕೊಡಲಾರದೆ ನೆಲಕ್ಕೆ ಎಸೆದರು. ಮಧ್ಯಾಹ್ನದ ಹೊತ್ತಿಗೆ ಅಂಗೈಯಿಂದಲೇ ಕೊಟ್ಟು, "ಅಯ್ಯ, ಕಚಗುಳಿ ಇಡತೈತಿ," ಎಂದು ಸಣ್ಣ ಹುಡುಗಿಯ ಹಾಗೆ ನಕ್ಕರು. ಬುಧವಾರ ಗೇಟು ತೆಗೆದೆ. ಎದ್ದು ನಿಂತು ಮಾಡಿದರು, ನಾನು ಹಗ್ಗ ಹಿಡಿದಿದ್ದೆ. ಬೆಳಿಗ್ಗೆ ಸರಿಹೋಯಿತು. ಸಂಜೆ ಒಂದು ಸಲ ಹಾರಲು ಹೊರಟು, ಹಗ್ಗ ಬಿಗಿಯಾಗಿ ನಿಂತಿತು. ಆ ಒಂದು ಸಲವನ್ನು ಗಿರೀಶ ನೋಡಿದ. ಕಾರಿನ ಕೀ ಎತ್ತಿಕೊಂಡು ಹೊರಗೆ ಹೋದ. ತನ್ವಿ ಆ ದಿನ ಮೇಲಿನಿಂದ ಇಳಿಯಲಿಲ್ಲ.

ಗುರುವಾರ ರೋಸಾ ಅದೇ ಮೂಲೆಯಲ್ಲಿ ನಿಂತಳು. ಹಗ್ಗವಿಲ್ಲ, ಗೇಟಿಲ್ಲ. ನಾನು ಅಡುಗೆಮನೆಯಲ್ಲಿ ಕುಕ್ಕರಿನ ಹಿಡಿ ಹಿಡಿದು ನಿಂತಿದ್ದೆ. ಬಾಗಿಲು ತೆರೆಯಿತು. ಎಡಗೈಯ ಕೋಲನ್ನು ಊರಿ ಅಜ್ಜಿ ಹೊಸ್ತಿಲು ದಾಟಿದರು. ರಸ್ಟಿ ಓಡಿತು, ಅವರಿಂದ ಒಂದು ಮಾರು ದೂರದಲ್ಲಿ ಮೈಯೆಲ್ಲ ನಡುಗಿಸುತ್ತ ನಿಂತಿತು. ಅಜ್ಜಿ ಬಲಗೈ ಎತ್ತಿದರು.

"ಕುಂದರಪಾ ರಸ್ಟಿ," ಎಂದರು. ಅಲ್ಲಿಯವರೆಗೂ ಅವರಿಗೆ ಅದು 'ಆ ನಾಯಿ' ಆಗಿತ್ತು.

ಕೂತಿತು. ಬಾಲ ಮಾತ್ರ ನೆಲವನ್ನು ಗುಡಿಸುತ್ತಿತ್ತು. ಅಜ್ಜಿ ನಿಧಾನಕ್ಕೆ ಮುಂದೆ ಬಂದು ಚೀಸ್ ಕೊಟ್ಟರು. ರೋಸಾ ಇನ್ನೂ ಎರಡು ಸಲ ಮಾಡಿಸಿದಳು. ಎರಡು ಸಲವೂ ಕೂತಿತು. ಹಾಳೆಯ ಮೇಲೆ ಏನೋ ಗೀಚಿ, ಸಹಿ ಮಾಡಿ ನನಗೆ ಕೊಟ್ಟಳು. ಓದಬೇಕೆಂದರೆ ಕಣ್ಣು ಮಂಜಾಗಿತ್ತು, ವೀಣಾ ಓದಿ ಹೇಳಿದಳು. ಗಿರೀಶ ಕಪಾಟಿನಿಂದ ಶೆಲ್ಟರಿನ ಫಾರ್ಮ್ ತೆಗೆದು, ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದ. ತನ್ವಿ ರಸ್ಟಿಯ ಕುತ್ತಿಗೆಗೆ ಜೋತುಬಿದ್ದು ಬಹಳ ಹೊತ್ತು ಏಳಲಿಲ್ಲ.

ಶುಕ್ರವಾರ, ಬಾಗಿಲಲ್ಲಿ

ಸೂಟ್‌ಕೇಸ್ ಕಾರಿಗೆ ಹಾಕಿಯಾಗಿತ್ತು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಸರಿ, ಮೊದಲು ಮನೆಗೆ ಬಾ," ಎಂದಿದ್ದಳು. ಅವಳಿಗೆ ಸಂತೋಷವಾದರೆ ಅಷ್ಟೇ ಮಾತು. ಬಾಗಿಲಲ್ಲಿ ನಿಂತಿದ್ದ ನೀಲವ್ವಜ್ಜಿಗೆ ಬಗ್ಗಿ ನಮಸ್ಕಾರ ಮಾಡಿದೆ. ಕತ್ತು ಛಳಕ್ ಎಂದಿತು. ಅಜ್ಜಿ ಎಡಗೈಯಲ್ಲಿ ಕೋಲು ಊರಿ, ಬಲಗೈ ಎತ್ತಿ, "ಚೊಲೊ ಆಗ್ಲವ್ವ. ಹೋಗಿ ಬಾ," ಎಂದು ಹರಸಿದರು.

ಹಿಂದಿನಿಂದ ತನ್ವಿ ಕಿಸಕ್ಕನೆ ನಕ್ಕಳು. ತಲೆ ಎತ್ತಿ ನೋಡಿದೆ. ನನ್ನ ಪಕ್ಕದಲ್ಲೇ ರಸ್ಟಿ, ಎತ್ತಿದ ಆ ಕೈಯನ್ನೇ ನೋಡುತ್ತ, ನೆಟ್ಟಗೆ ಕೂತಿತ್ತು.

ಅಜ್ಜಿ ಕೈ ಇಳಿಸಲಿಲ್ಲ. "ನಿನಗೂ ಚೊಲೊ ಆಗ್ಲಿಪಾ," ಎಂದು ಅದಕ್ಕೂ ಹೇಳಿ, ಮೊಮ್ಮಗಳ ಕಡೆ ತಿರುಗಿದರು. "ತನ್ವಿ, ಒಳಗಿಂದ ಏನರ ತಗೊಂಬಾ. ಪಾಪ, ಬರೇ ಆಶೀರ್ವಾದಕ್ಕ ಎಷ್ಟೊತ್ತು ಕುಂದರತೈತಿ?"